ದಿಡ್ಡಿ ಬಾಗಿಲು

"ಬಾರ!" ಎಂದು ಆನಂದ್ ಕುಳಿತಲ್ಲೇ ಕುಣಿದ. ನಾಲ್ಕೂ ಕವಡೆ ಬೋರಲು ಬಿದ್ದಿದ್ದವು. ಎಂಟು, ಅದಕ್ಕಿಂತ ದೊಡ್ಡ ಗರವಿಲ್ಲ. "ಮುಗೀತು ಕವನ. ಕೋಟೆ ಬಾಗಿಲು ತೆಗಿ ಮಾರಾಯ್ತಿ."

ಗೋಪಾಳ ಬಡಾವಣೆಯ ಅಭಯನ ಮನೆಯಲ್ಲಿ ಆ ಬೇಸಿಗೆಯ ಭಾನುವಾರಗಳೆಲ್ಲ ಹೀಗೆಯೇ. ಪಾತ್ರ ವಹಿಸಿ ಕಥೆ ಬೆಳೆಸುವ ವಿದೇಶದ ಆಟವೊಂದರ ನಿಯಮಗಳನ್ನು ಅಭಯ ಸೈಬರ್ ಕೆಫೆಯಲ್ಲಿ ಪ್ರಿಂಟ್ ತೆಗೆಸಿದ್ದ. ಕಥೆ ನಡೆಸುವವನು ಅವನೇ. ಆಟದ ದಾಳ ಶಿವಮೊಗ್ಗದಲ್ಲಿ ಎಲ್ಲಿ ಸಿಗಬೇಕು? ಅಜ್ಜಿಯ ಚೌಕಾಬಾರದ ಕವಡೆಗಳೇ ಗತಿ. ಕವನ ಕೋಟೆಯ ಕಾವಲುಗಾರ್ತಿ, ಆನಂದ್ ಶತ್ರುರಾಜನ ದೂತ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಇವನಿಗೆ ಬಾಯಿಯ ಜೊತೆ ಕವಡೆಯೂ ಒಲಿದಿತ್ತು. ಕವನಳ ಕುದುರೆ, ಕಣಜ, ಬಾವಿ ಎಲ್ಲವನ್ನೂ ಹೀಗೆ ಮಾತಾಡಿಯೇ ಕಿತ್ತುಕೊಂಡಿದ್ದ. ಉಳಿದದ್ದು ಕೋಟೆಯೊಂದೇ. ಅದೂ ಹೋದರೆ ಅವಳು ಆಟದಿಂದಲೇ ಹೊರಗೆ.

"ನನಗೆ ಇಷ್ಟ ಇಲ್ಲ," ಎಂದಳು ಕವನ. "ನನ್ನ ಪಾತ್ರದ ಮನಸ್ಸಲ್ಲಿ ಏನಿರ್ಬೇಕು ಅಂತ ಹೇಳೋಕೆ ಈ ಕವಡೆ ಯಾರು?"

"ರೂಲ್ಸ್ ಅಂದ್ರೆ ರೂಲ್ಸ್," ಅಭಯ ಹಾಳೆ ತಟ್ಟಿದ. "ದೊಡ್ಡ ಗರ ಬಿತ್ತು ಅಂದ್ರೆ ದೂತ ಹೇಳಿದ್ದನ್ನ ನಂಬಲೇಬೇಕು."

ಕವನಳ ಕಣ್ಣಲ್ಲಿ ನೀರಾಡಿತು. ಅಳುವಲ್ಲ, ಸಿಟ್ಟು. ಭದ್ರಾವತಿಯಿಂದ ವಾರವಾರ ಬಸ್ಸು ಹತ್ತಿ ಬರುವುದು ಈ ಆನಂದನ ಮಾತಿಗೆ ಕೋಲೆಬಸವನಂತೆ ತಲೆಯಾಡಿಸುವುದಕ್ಕೆಯೇ? ಕಣ್ಣೊರೆಸಿಕೊಂಡು, "ದೂತ ಏನಂದ? ಇನ್ನೊಂದ್ಸಲ ಹೇಳು," ಎಂದಳು.

ಆನಂದ್ ಎದೆಯುಬ್ಬಿಸಿದ. "ನಾವು ಶತ್ರುಗಳಲ್ಲ ತಾಯಿ. ನಿಮ್ಮ ಮನೆಗೆ ಬಂದ ನೆಂಟರು."

"ನಂಬಿದೆ. ಪೂರ್ತಿ ನಂಬಿದೆ," ಎಂದಳು ಕವನ. "ನೆಂಟರು ಬಂದ್ರೆ ನಮ್ಮಲ್ಲಿ ಮೊದಲು ಹಿರಿಯರನ್ನ ಒಳಗೆ ಕರೆದು ಬೆಲ್ಲ ನೀರು ಕೊಡ್ತೀವಿ. ಬನ್ನಿ ದೂತರೇ. ದೊಡ್ಡ ಬಾಗಿಲ ಪಕ್ಕದ ದಿಡ್ಡಿ ಬಾಗಿಲು ತೆಗೆದಿದೀನಿ. ಒಬ್ಬೊಬ್ಬರೇ ಬಗ್ಗಿ ಬರಬೇಕು. ಕತ್ತಿ ಹೊರಗಿಡಿ, ನೆಂಟರ ಮನೆಗೆ ಯಾರೂ ಕತ್ತಿ ತರಲ್ಲ."

"ಏ, ನನ್ನ ಸೈನ್ಯ?"

"ನೀವು ಕುಡಿದಾದ ಮೇಲೆ ಅವರಿಗೆ."

"ನಾನು ಬರಲ್ಲ ಅಂದ್ರೆ?"

"ನೆಂಟ ಅಲ್ಲ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ಆಗ ನಾನ್ಯಾಕೆ ನಂಬಲಿ?"

ಆನಂದ್ ಅಭಯನ ಮುಖ ನೋಡಿದ. ಅಭಯ ಹಾಳೆಗಳನ್ನು ಹಿಂದೆ ಮುಂದೆ ತಿರುವಿ, ಕೊನೆಗೆ ಕೆಳಗಿಟ್ಟು ನಗತೊಡಗಿದ. "ಹೋಗು ಮಾರಾಯ, ಬೆಲ್ಲ ಕಾಯ್ತಾ ಇದೆ."

ಆನಂದ್ ತನ್ನ ದೂತನಾಗಿದ್ದ ಅಡಿಕೆಯನ್ನು ಒಲ್ಲದ ಮನಸ್ಸಿನಿಂದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕೋಟೆಯೊಳಗೆ ತಳ್ಳಿದ. ಕವನ ಅದರ ಹಿಂದೆಯೇ ಅಡ್ಡ ಗೆರೆ ಎಳೆದಳು. "ಅಗುಳಿ ಹಾಕಿದೆ. ಸೈನ್ಯ ವಾಪಸ್ ಹೋಗೋವರೆಗೂ ನೆಂಟರು ನಮ್ಮಲ್ಲೇ ಇರ್ತಾರೆ."

"ಮೋಸ! ಕವಡೇಲಿ ಗೆದ್ದಿದ್ದು ನಾನು!"

ಕವನ ಕವಡೆಗಳನ್ನು ಬಳಿದು ತನ್ನ ಮುಷ್ಟಿಗೆ ಹಾಕಿಕೊಂಡಳು. ಎಷ್ಟೋ ವಾರಗಳ ಮೇಲೆ ಅವಳ ಮುಖ ಅರಳಿತ್ತು.

"ನಂಬು ಅಂತ ಕವಡೆ ಹೇಳ್ತು, ನಂಬಿದೆ ಮಾರಾಯ. ಯಾವ ಬಾಗಿಲು ತೆಗೀಬೇಕು ಅಂತ ಹೇಳಲಿಲ್ಲವಲ್ಲ."