ನಾಳೆಗೊಬ್ಬ ತಾಯಿ

ಶೇಂಗಾ ಹುರಿಯುವ ವಾಸನೆ ಬಂದರೆ ಈಗಲೂ ಎದ್ದು ಹೊರಗೆ ಹೋಗುತ್ತೇನೆ.

ಪುಣೆಯ ಆ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಲು ಇಂಗ್ಲಿಷ್ ಮಾತಿನ ಪರೀಕ್ಷೆಯಿತ್ತು. ತಾಯಿಯೂ ಪಕ್ಕದಲ್ಲಿ ಕೂತು ಮಾತಾಡಬೇಕಿತ್ತು. ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ ಊರಂಚಿನ ವಾಕಡದಿಂದ, ಇಂಗ್ಲಿಷ್ ಬಲ್ಲ ತನ್ನ ತಂಗಿಯನ್ನು ಕರೆಸಿದ.

"ನಾಳಿ ಇಕೀನ ನಮ್ಮವ್ವ ಅಂತ ಹೇಳಬೇಕು, ತಿಳೀತೇನ?" ಅಂದ ನನಗೆ.

ಅವ್ವ ಪರೀಕ್ಷೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಸೀರೆಯನ್ನು ಅತ್ತೆಗೆ ಕೊಟ್ಟು, ಒಲೆಯ ಮುಂದೆ ಶೇಂಗಾ ಹುರಿಯುತ್ತಿದ್ದಳು.

ಅಪ್ಪ ಅತ್ತೆಯನ್ನು ತೋರಿಸಿ, "ಹೂ ಈಸ್ ಶಿ?" ಅಂದ.

"ಶಿ ಈಸ್ ಮೈ ಮದರ್."

"ಹಂಗಾರ ಆಕಿ?" ನಗುತ್ತ ಅವ್ವನನ್ನು ತೋರಿಸಿದ.

ಅದನ್ನು ಯಾರೂ ಕಲಿಸಿರಲಿಲ್ಲ. ನಾನೇ ಯೋಚಿಸಿ ಹೇಳಿದೆ: "ಶಿ ಈಸ್ ಅವರ್ ಮೇಡ್."

ಅಪ್ಪ, ಅತ್ತೆ ಇಬ್ಬರೂ ಚಪ್ಪಾಳೆ ತಟ್ಟಿದರು.

"ಏನಂದ್ಳು?" ಅವ್ವ ಕೇಳಿದಳು.

"ಭಾಳ ಛಲೋ ಹೇಳಿದ್ಳು, ವೈನಿ," ಎಂದಳು ಅತ್ತೆ.

ಅವ್ವ ಬಿಸಿ ಶೇಂಗಾದ ಸಿಪ್ಪೆ ಊದಿ, ನನ್ನ ಬೊಗಸೆ ತುಂಬಿದಳು.