ಸೆಕೆಂಡ್ ಗೇರು

ವ್ಯಾನಿನ ಅಡಿಯಿಂದ ಮೊದಲು ಹೊರಗೆ ಬಂದದ್ದು ಮೆಕ್ಯಾನಿಕ್ ಮಹದೇವನ ಕೈ. ಗ್ರೀಸು ಮೆತ್ತಿದ ಅಂಗೈಯಲ್ಲಿ ಉಂಗುರದಷ್ಟು ಗಾತ್ರದ ಪ್ಲಾಸ್ಟಿಕ್ ಬುಷ್ ಒಂದಿತ್ತು. ಅದರ ಒಂದು ಪಕ್ಕ ಪೂರ್ತಿ ಸವೆದು ಕಡಲೆಕಾಯಿ ಸಿಪ್ಪೆಯಂತಾಗಿತ್ತು.

"ನೋಡಿ ನಂಜುಂಡಣ್ಣ, ಇದೇ ನಿಮ್ಮ ಸೆಕೆಂಡ್ ಗೇರು. ಬಾಕ್ಸು ಕಲ್ಲಿನ ಹಾಗಿದೆ, ಅದಕ್ಕೇನೂ ಆಗಿಲ್ಲ. ಲಿವರ್‌ನಿಂದ ಬಾಕ್ಸ್‌ಗೆ ಒಂದು ರಾಡ್ ಹೋಗತ್ತಲ್ಲ, ಅದರ ಜಾಯಿಂಟ್‌ನಲ್ಲಿ ಕೂರೋದು ಇದು. ಇದು ಸವೆದ್ರೆ ನೀವು ಇಲ್ಲಿ ಒಂದು ಕಡೆ ತಳ್ಳಿದ್ರೆ ಅಲ್ಲಿ ಇನ್ನೆಲ್ಲೋ ಹೋಗತ್ತೆ."

"ಇಷ್ಟೇನಾ?" ಎಂದ ನಂಜುಂಡಪ್ಪ.

"ಇಷ್ಟೇ. ಅರ್ಧ ಗಂಟೆ ಕೆಲಸ, ಹಾಕಿಸಿಬಿಡಿ ಅಂತ ಅವತ್ತೇ ಬಡ್ಕೊಂಡೆ. ನೀವು ಕೇಳಿದ್ರಾ? 'ಗಾಡಿ ನನ್ ಕೈಗೆ ಪಳಗಿದೆ ಕಣೋ, ಇನ್ನೊಬ್ಬ ಮುಟ್ಟಿದ್ರೆ ಬೀದಿ ದಾಟಲ್ಲ, ಕಳ್ಳರ ಭಯಾನೇ ಇಲ್ಲ' ಅಂತ ಮೀಸೆ ತಿರುವಿದ್ರಿ."

ಮಾತು ನಿಜ. ಲಿವರನ್ನು ಸ್ವಲ್ಪ ಮೇಲಕ್ಕೆತ್ತಬೇಕು, ಪಕ್ಕದ ಸೀಟಿನ ಕಡೆಗೆ ಒತ್ತಬೇಕು, ಒಂದು ಉಸಿರಿನಷ್ಟು ಹೊತ್ತು ತಡೆದು ಹಿಂದಕ್ಕೆಳೆಯಬೇಕು. ಆಗ ಸೆಕೆಂಡ್ ಬೀಳುತ್ತಿತ್ತು. ನಂಜುಂಡಪ್ಪನ ಎಡಗೈಗೆ ಇದು ಎಷ್ಟು ರೂಢಿಯಾಗಿತ್ತೆಂದರೆ, ಗಾಡಿ ಕೆಟ್ಟಿದೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಕೆಂಗೇರಿಯ ಮನೆಯಲ್ಲಿ ಹೆಂಡತಿ ವೆಂಕಟಲಕ್ಷ್ಮಮ್ಮ ದೋಸೆ ಹಿಟ್ಟು ರುಬ್ಬುವುದು, ಅವನು ಅದನ್ನು ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬರುವುದು, ಹದಿನೈದು ವರ್ಷ ಹೀಗೇ ನಡೆದಿತ್ತು. ಈಗ ಸಕ್ಕರೆ ಕಾಯಿಲೆ ಕಣ್ಣಿಗಿಳಿದು, ಇನ್ನು ಗಾಡಿ ಓಡಿಸಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಓಡಿಸುವವರೇ ಇಲ್ಲದ ಮೇಲೆ ಹಿಟ್ಟು ರುಬ್ಬಿ ಏನು ಮಾಡುವುದು? ಗ್ರೈಂಡರನ್ನು ಮೊನ್ನೆ ಮಾರಿದ್ದಾಯಿತು. ವ್ಯಾನು ಇವತ್ತು ಹೋಗುತ್ತದೆ. ಕೊಳ್ಳುವ ಭೈರೇಶ ಹೇಳಿದ್ದು ಒಂದೇ ಮಾತು: ಗೇರು ಸರಿ ಮಾಡಿಸಿ ಕೊಡಿ. ಬೆಳಿಗ್ಗೆ ಮಹದೇವ ಮನೆಯಿಂದ ಗ್ಯಾರೇಜಿನವರೆಗೆ ಗಾಡಿಯನ್ನು ಫಸ್ಟ್ ಗೇರಿನಲ್ಲೇ ನರಳಿಸಿಕೊಂಡು ತಂದಿದ್ದ.

ಹೊಸ ಬುಷ್ ಕೂರಿಸಿ, ರಾಡ್ ಸೇರಿಸಿ, ಪಿನ್ ಬಗ್ಗಿಸಿ ಮಹದೇವ ಎದ್ದ. "ಕೂತು ನೋಡಿ."

ನಂಜುಂಡಪ್ಪ ಹತ್ತಿ ಕೂತು ಫಸ್ಟ್ ಹಾಕಿದ. ಆಮೇಲೆ ಸೆಕೆಂಡಿಗೆಂದು ಮುಷ್ಟಿ ಬಿಗಿಹಿಡಿದು ಎತ್ತಿ, ಒತ್ತಿ, ಎಳೆದ. ಕೈ ಇನ್ನೂ ಎಳೆಯುತ್ತಿರುವಾಗಲೇ ಲಿವರು ಹೋಗಿ ಕೂತಾಗಿತ್ತು. ಮಿಕ್ಕ ಬಲವೆಲ್ಲ ದಂಡವಾಗಿ ಮೊಣಕೈ ಸೀಟಿಗೆ ಬಡಿಯಿತು.

"ಕುಸ್ತಿ ಬೇಡ ಅಣ್ಣ, ಎರಡು ಬೆರಳು ಸಾಕು," ಎಂದು ಮಹದೇವ ನಕ್ಕ.

ನಂಜುಂಡಪ್ಪ ನಗಲಿಲ್ಲ. ಆರು ವರ್ಷದ ಹಿಂದೆ ವೆಂಕಟಲಕ್ಷ್ಮಮ್ಮ ತಾನೇ ಓಡಾಡಿ ಗಾಡಿ ಕಲಿಯುವವರಿಗೆ ಕೊಡುವ ಎಲ್‌ಎಲ್ ಲೈಸೆನ್ಸು ಮಾಡಿಸಿಕೊಂಡು ಬಂದಿದ್ದಳು. ಜ್ಞಾನಭಾರತಿ ಕ್ಯಾಂಪಸ್ಸಿನೊಳಗಿನ ಖಾಲಿ ರಸ್ತೆಯಲ್ಲಿ ಮೂರು ಭಾನುವಾರ ಕಲಿತಳು. ಫಸ್ಟ್‌ನಲ್ಲಿ ಚೆನ್ನಾಗಿಯೇ ಹೋಗುವಳು, ಸೆಕೆಂಡಿಗೆ ಬಂದರೆ ಕರಕರ. ಮೂರನೆಯ ಭಾನುವಾರ, ವಾಕಿಂಗಿಗೆ ಬಂದವರು ನಿಂತು ನೋಡುವಂತೆ ಅವನು ಕೂಗಿದ್ದ: "ದೋಸೆ ಹುಯ್ಯೋ ಕೈಗೆ ಗೇರ್ ಬೀಳತ್ತೇನೇ? ಇಳಿ, ಇಳಿ!" ಅವಳು ಇಳಿದು, ಮುಂದಿನ ಸೀಟಿಗೂ ಬಾರದೆ, ಹಿಂದೆ ಖಾಲಿ ಡಬ್ಬಿಗಳ ನಡುವೆ ಕೂತು ಮನೆಗೆ ಬಂದಿದ್ದಳು. ಎಲ್‌ಎಲ್ ಅವಧಿ ಮುಗಿದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಹದೇವ ಬುಷ್ ವಿಷಯ ಹೇಳಿದ್ದು ಅದಕ್ಕೂ ಹಿಂದಿನ ವರ್ಷ.

"ರೀ, ಆರ್‌ಸಿ ಟೇಬಲ್ ಮೇಲೇ ಬಿಟ್ಟು ಬಂದಿದೀರಲ್ಲ! ಕಣ್ಣಿನ ಜೊತೆ ತಲೇನೂ ಹೋಯ್ತಾ?" ವೆಂಕಟಲಕ್ಷ್ಮಮ್ಮ ಏದುಸಿರು ಬಿಡುತ್ತ ಬಂದು ನಿಂತಳು.

"ಬನ್ನಿ ಅಕ್ಕ," ಎಂದ ಮಹದೇವ. "ಗಾಡಿ ಹೂವಿನ ಹಾಗಾಗಿದೆ. ಒಂದ್ಸಲ ಗೇರ್ ಹಾಕಿ ನೋಡಿ."

"ನಾನಾ? ಇದು ದೋಸೆ ಹುಯ್ಯೋ ಕೈ ಕಣಪ್ಪ," ಎಂದು ಅವಳು ನಕ್ಕಳು.

ನಂಜುಂಡಪ್ಪ ಕೆಳಗಿಳಿದ. "ಕೂತ್ಕೊಳೇ," ಎಂದ.

ಅವಳು ಅವನ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತಳು. ಕ್ಲಚ್ ತುಳಿದು ಫಸ್ಟ್ ಹಾಕಿದಳು. ಸೆಕೆಂಡ್ ಹಾಕಿದಳು. ಸದ್ದೇ ಇಲ್ಲ. ಮತ್ತೆ ಫಸ್ಟ್, ಮತ್ತೆ ಸೆಕೆಂಡ್. ಲಿವರಿನ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು: "ಇದು ಯಾವಾಗಿಂದ ಕೆಟ್ಟಿತ್ತು ಮಹದೇವ?"

ಮಹದೇವ ಬನಿಯನ್ ಬಟ್ಟೆಯಲ್ಲಿ ಕೈ ಒರೆಸತೊಡಗಿದ. "ಹೇಳೋಕಾಗಲ್ಲ ಅಕ್ಕ. ಬುಷ್ ಅಲ್ವಾ, ನಿಧಾನಕ್ಕೆ ಸವೀತಾ ಸವೀತಾ..."

"ಏಳು ವರ್ಷ," ಎಂದ ನಂಜುಂಡಪ್ಪ. "ನಂಗೆ ಗೊತ್ತಿತ್ತು."

ಅವಳು ಲಿವರನ್ನು ಮೆಲ್ಲಗೆ ನ್ಯೂಟ್ರಲ್ಲಿಗೆ ತಂದು ಕೈ ತೆಗೆದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಭೈರೇಶಂಗೆ ಬೇಡ ಅಂತ ಫೋನ್ ಮಾಡ್ಲಾ?" ಎಂದು ನಂಜುಂಡಪ್ಪ ಕೇಳಿದ.

"ಗ್ರೈಂಡರ್ ಹೋಯ್ತಲ್ರೀ. ಅಂಗಡಿಯೋರೂ ಬೇರೆ ಹಿಟ್ಟು ಹಾಕಿಸ್ಕೊಳ್ತಾ ಇದಾರೆ." ಅವಳು ಇಳಿದು ಆರ್‌ಸಿಯನ್ನು ಅವನ ಕೈಗಿಟ್ಟಳು.

ಭೈರೇಶ ಬಂದ. ವ್ಯಾನನ್ನು ಹೊರಗೆ ತೆಗೆದು ಮೈಸೂರು ರಸ್ತೆಯ ಕಡೆಗೆ ತಿರುಗಿಸಿದ. ಸೆಕೆಂಡಿಗೆ ಬಿದ್ದದ್ದು ಎಂಜಿನ್ನಿನ ದನಿ ತಗ್ಗಿದ್ದರಿಂದ ಮಾತ್ರ ಗೊತ್ತಾಯಿತು. ದೂರ ಹೋದ ಗಾಡಿ ನಂಜುಂಡಪ್ಪನ ಕಣ್ಣಿಗೆ ಬರೀ ಬಿಳಿ ಮಸುಕಾಯಿತು. ಅವನು ಹೆಂಡತಿಯ ಕಡೆ ತಿರುಗಿದ. ಅವಳು ಇನ್ನೂ ರಸ್ತೆಯನ್ನೇ ನೋಡುತ್ತಿದ್ದಳು. ಇಳಿಬಿಟ್ಟ ಎಡಗೈಯ ಎರಡು ಬೆರಳು ಬರಿಗಾಳಿಯಲ್ಲಿ ಮೆಲ್ಲಗೆ ಮೂರನೇ ಗೇರು ಹಾಕುತ್ತಿದ್ದವು.