ಅಂತೋನಿ ಗುಡ್ಡೆಯ ಮೊದಲ ಪವಾಡ

ಮೈಕ್ ಕೈಗೆ ಬರಲು ಇನ್ನು ಎರಡೇ ಹಾಡು ಬಾಕಿ. ಕಾರ್ಮಿನ್ ಬಾಯಿ ಕುರ್ಚಿಯಲ್ಲಿ ಕೂತಿದ್ದರೂ ಕೂತ ಹಾಗಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಎದುರಿಗೆ ಅಕ್ಷರ ಕೆತ್ತಿದ ಕಲ್ಲು, ಮೇಲೆ ಬಿಳಿ ಬಟ್ಟೆ. ವಾಮದಪದವಿನ ಆಚೆಯ ಈ ಅಂತೋನಿ ಗುಡ್ಡೆ ಇವತ್ತಿನಿಂದ ಪುಣ್ಯಕ್ಷೇತ್ರ. ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಜನ ಬಸ್ಸು ಮಾಡಿಕೊಂಡು ಬಂದಿದ್ದರು.

“ಹೆದರಿಕೆ ಆಗ್ತದಾ ಬಾಯಿ?” ಫಾದರ್ ಐವನ್ ಬಗ್ಗಿ ಕೇಳಿದರು. “ಕಲ್ಲಿನಲ್ಲಿ ಇದ್ದದ್ದನ್ನೇ ಹೇಳಿದರೆ ಸಾಕು. ಮೊದಲ ಪವಾಡ ನಿಮ್ಮದೇ ಅಲ್ವಾ?”

ಕಲ್ಲಿನಲ್ಲಿ ಇದ್ದದ್ದು ಕಾರ್ಮಿನ್ ಬಾಯಿಗೆ ಕಂಠಪಾಠ. ‘ಕಳುವಾದ ಚಿನ್ನದ ಸರವನ್ನು ಕದ್ದವರೇ ಸಂತ ಅಂತೋನಿಗೆ ಹೆದರಿ ಇಲ್ಲಿ ತಂದಿಟ್ಟರು.’ ಕದ್ದವರ ಹೆಸರು ಹಾಕಿಲ್ಲ. ಹಾಕುವುದು ಯಾಕೆ, ಊರಿಗೇ ಗೊತ್ತುಂಟಲ್ಲ! ಅಗೋ, ಚಪ್ಪರದ ಹೊರಗೆ ಮಲ್ಲಿಗೆ ಚೆಂಡು ಹಿಡಿದು ನಿಂತಿದ್ದಾಳೆ ಪೂವಮ್ಮ, ಆಗ ಬಾಯಿಯ ಮನೆಗೆಲಸಕ್ಕೆ ಬರುತ್ತಿದ್ದವಳು. ಮೂವತ್ತೇಳು ವರ್ಷದಿಂದ, ಸಂತ ಅಂತೋನಿಯ ವಾರ ಅಂತ, ಒಂದು ಮಂಗಳವಾರವೂ ಗುಡ್ಡೆ ಹತ್ತುವುದನ್ನು ತಪ್ಪಿಸಿದವಳಲ್ಲ. ಮಾಡಿದ ಪಾಪ ಸುಮ್ಮನೆ ಬಿಡ್ತದಾ ಅಂತ ಜನ ಆಡಿಕೊಳ್ಳುತ್ತಿದ್ದರು.

ಸರವನ್ನು ಯಾರೂ ಕದ್ದೇ ಇರಲಿಲ್ಲ. ಹೆರಿಗೆಗೆ ಆಸ್ಪತ್ರೆಗೆ ಹೊರಡುವಾಗ ಅದನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಸಿಟ್ಟದ್ದು ಕಾರ್ಮಿನ್ ಬಾಯಿಯೇ; ಮಗುವಿನ ಗಡಿಬಿಡಿಯಲ್ಲಿ ಮರೆತದ್ದೂ ಅವರೇ. ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರು ಪೂವಮ್ಮನನ್ನು ಕಳ್ಳಿ ಅಂದರು. ವಾರದೊಳಗೆ ಅಕ್ಕಿ ತಳ ಕಂಡಿತು, ಸರವೂ ಕಂಡಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು; ತಪ್ಪೊಪ್ಪಲು ನಾಲಿಗೆ ಏಳಲಿಲ್ಲ. ಆಗ ಗುಡ್ಡೆಯ ಮೇಲೆ ಇದ್ದದ್ದು ಒಂದು ಪುಟ್ಟ ಗೂಡು, ಅದರೊಳಗೆ ಕಳೆದದ್ದನ್ನು ಹುಡುಕಿಕೊಡುವ ಗೇಣುದ್ದದ ಸಂತ ಅಂತೋನಿ. ಯಾರೂ ಇಲ್ಲದ ಹೊತ್ತು ನೋಡಿ ಅಲ್ಲಿ ಸರ ಇಟ್ಟು, “ಸಿಕ್ಕಿತು!” ಎಂದು ಬೊಬ್ಬೆ ಹಾಕಿದರು. ಉಳಿದ ಕಥೆಯನ್ನು ಊರೇ ಕಟ್ಟಿತು.

ಎರಡನೇ ಹಾಡೂ ಮುಗಿಯಿತು. ಫಾದರ್ ಬಟ್ಟೆ ಎಳೆದರು, ಚಪ್ಪಾಳೆ ಬಿತ್ತು, ಮೈಕ್ ಬಂತು. ಹೇಳಿದರೆ ಇಷ್ಟು ಜನರ ನಂಬಿಕೆ ಮಣ್ಣುಪಾಲು. ಹೇಳದಿದ್ದರೆ ಪೂವಮ್ಮ ಸತ್ತ ಮೇಲೂ ಈ ಕಲ್ಲಿನಲ್ಲಿ ಕಳ್ಳಿಯಾಗಿಯೇ ಇರುತ್ತಾಳೆ. ಕಾರ್ಮಿನ್ ಬಾಯಿ ಸೆರಗು ಬಿಟ್ಟು ಮೈಕ್ ಹಿಡಿದರು.

“ಸರ ನಮ್ಮ ಅಕ್ಕಿ ಡಬ್ಬಿಯಲ್ಲೇ ಇತ್ತು,” ಅಂದರು. “ಇಟ್ಟು ಮರೆತದ್ದು ನಾನು. ಇಲ್ಲಿಗೆ ತಂದು ಇಟ್ಟದ್ದೂ ನಾನೇ. ಪೂವಮ್ಮ ಕಳ್ಳಿ ಅಲ್ಲ. ಸುಳ್ಳು ಹೇಳಿದವಳು ನಾನು.”

“ಹಾಗಾದರೆ ಇಲ್ಲಿ ಪವಾಡ ಆಗಲೇ ಇಲ್ವಾ ಮಾರಾಯ್ರೆ?” ಅಂತ ಹಿಂದಿನಿಂದ ಯಾರೋ ಕೇಳಿದರು. ಫಾದರ್ ಮುಖ ಬಿಳಿಚಿಕೊಂಡಿತ್ತು.

ಪೂವಮ್ಮ ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಕಾರ್ಮಿನ್ ಬಾಯಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಸಂತ ಅಂತೋನಿಯ ಹಳೇ ಗೂಡಿನ ಎದುರು ಹೋಗಿ ಮಲ್ಲಿಗೆ ಇಟ್ಟು ಕೈಮುಗಿದಳು.

“ಇನ್ನೂ ಯಾಕಮ್ಮ ಹೂ?” ಫಾದರ್ ತೊದಲಿದರು.

“ಹರಕೆ ತೀರಿಸಬೇಡವಾ ಫಾದರ್? ಕಳೆದುಹೋದ ನನ್ನ ಮಾನ ಹುಡುಕಿಕೊಡು ಅಂತ ಮಂಗಳವಾರ ಮಂಗಳವಾರ ಕೇಳ್ತಾ ಇದ್ದೆ. ಇವತ್ತು ಕೊಟ್ಟ.”